ಕುಂಚ ಬಿಟ್ಟ ಮೇಲೂ ಚಿತ್ರಕಾರ್ತಿ: ಶೀಲಾ ಗೌಡರ ಕಲೆಯ ಬೆಳವಣಿಗೆ

ಶೀಲಾ ಗೌಡರನ್ನು ಇಂದು ಪ್ರತಿಷ್ಠಾಪನಾ ಕಲಾವಿದೆ ಎಂದೇ ಗುರುತಿಸುವುದು ವಾಡಿಕೆ. ಅವರ ಓದು, ತಾಲೀಮು ಎಲ್ಲ ನಡೆದದ್ದು ಮಾತ್ರ ಚಿತ್ರಕಲೆಯಲ್ಲಿ. 1990ರ ದಶಕದ ಆರಂಭದಲ್ಲಿ ಎಣ್ಣೆಬಣ್ಣ ಬದಿಗಿಟ್ಟು ಸಗಣಿಗೆ ಕೈಹಾಕಿದಾಗ ಅವರು ಚಿತ್ರಕಲೆಯನ್ನೇ ತೊರೆದರು ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಅದನ್ನು ಒಪ್ಪುವುದು ಕಷ್ಟ. ರೇಖೆ, ಬಣ್ಣ, ಮೈವಳಿಕೆ ಎಂಬ ಚಿತ್ರಕಾರರ ಹಳೆಯ ಚಿಂತೆಗಳು ಅವರ ನಂತರದ ಕೆಲಸದಲ್ಲಿ ಇನ್ನಷ್ಟು ಗಟ್ಟಿಯಾದವು ಎನ್ನುವುದಕ್ಕೆ ಕೃತಿಗಳೇ ಪುರಾವೆ.

ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬಾದಾಮಿಯಿಂದ ಬಂದ ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ 1979ರವರೆಗೆ ಕಲಿತರು. 1982ರಲ್ಲಿ ಶಾಂತಿನಿಕೇತನದಲ್ಲಿ ಸ್ನಾತಕೋತ್ತರ ಡಿಪ್ಲೊಮಾ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆಯ ಎಂ.ಎ. ಇವರ ಮೇಲೆ ಗಾಢ ಪ್ರಭಾವ ಬೀರಿದವರು ಕೆ.ಜಿ. ಸುಬ್ರಮಣ್ಯನ್. ಜನಪದ ಕಸುಬಿಗೂ ‘ದೊಡ್ಡ’ ಕಲೆಗೂ ನಡುವೆ ಗೋಡೆ ಬೇಡ ಎಂದು ಜೀವನವಿಡೀ ವಾದಿಸಿದ ಗುರು ಅವರು. ಶೀಲಾ ಅವರ ಮೊದಲ ತೈಲಚಿತ್ರಗಳಲ್ಲಿ ನಿಸರ್ಗದ ನಡುವೆ ಯೋಚನೆಗೆ ಬಿದ್ದ ಹುಡುಗಿಯರಿದ್ದಾರೆ; ಆಮೇಲಿನವುಗಳಲ್ಲಿ ಮಧ್ಯಮ ವರ್ಗದ ಮನೆಯೊಳಗಿನ ಕಸಿವಿಸಿ, ಒತ್ತಡ.

1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ನೆಲಕ್ಕುರುಳಿತು. ಮುಂಬಯಿ ಹೊತ್ತಿ ಉರಿಯಿತು. ಆ ದಿನಗಳ ಹಿಂಸೆಗೆ ಕ್ಯಾನ್ವಾಸು ಸಾಲದು ಎನ್ನಿಸಿದ ಘಟ್ಟದಲ್ಲೇ ಶೀಲಾ ಸಗಣಿಯತ್ತ ಹೊರಳಿದ್ದು. ಆಯ್ಕೆ ಸುಮ್ಮನೆ ಆದದ್ದಲ್ಲ. ಪೂಜೆಗೂ ಅದೇ, ಒಲೆಗೂ ಅದೇ, ಅಂಗಳ ಸಾರಿಸುವುದಕ್ಕೂ ಅದೇ. ಈ ಮೂರೂ ಕಡೆ ಕೈ ಮಾತ್ರ ಹೆಣ್ಣಿನದು. ನಮ್ಮ ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡಿಗೆ ಹೊಟ್ಟು ಕಲಸಿ, ನಾದಿ, ಗೋಡೆಗೆ ಬಡಿದ ಕುಳ್ಳು ಒಣಗಿದಾಗ ಅದರ ಮೇಲೆ ಐದು ಬೆರಳೂ ಎದ್ದು ಕಾಣುತ್ತವೆ. ದೀಪಾವಳಿಗೆ ಉತ್ತರ ಕರ್ನಾಟಕದ ಹಲವೆಡೆ ಅದೇ ಹೆಂಡಿಯಲ್ಲಿ ಪಾಂಡವ್ವ ಎಂಬ ಗೊಂಬೆಗಳನ್ನು ಮಾಡಿ ಹೂ ಮುಡಿಸುವುದೂ ಉಂಟು. ಈ ಅರಿವನ್ನೇ ಶೀಲಾ ಗ್ಯಾಲರಿಗೆ ತಂದರು. ಗೋಮಯದ ಹೆಸರಲ್ಲಿ ರಾಜಕಾರಣ ಬಿರುಸಾಗುತ್ತಿದ್ದ ಕಾಲದಲ್ಲಿ ಅದನ್ನು ಮತ್ತೆ ದುಡಿಮೆಯ ವಸ್ತುವಾಗಿ ಕಾಣಿಸಿದ್ದು ದಿಟ್ಟತನ.

‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ (1998) ಎಂಬ ಕೃತಿಯ ಬಳಿ ತುಸು ಹೊತ್ತು ನಿಲ್ಲಬೇಕು. ಒಂದೊಂದೇ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ದಾರದ ನಟ್ಟನಡುವೆ ಬರುವವರೆಗೆ ಎಳೆಯುವುದು. ಹಾಗೆ ಇಮ್ಮಡಿಯಾದ ಎಳೆಗಳನ್ನೆಲ್ಲ ಕೂಡಿಸಿ, ಅಂಟು ಮತ್ತು ಕುಂಕುಮದ ಕೆಂಪು ಸವರಿ ಹಗ್ಗ ಮಾಡುವುದು. ಹಗ್ಗ ಗೋಡೆ ಹತ್ತಿ, ನೆಲಕ್ಕೆ ಇಳಿದು, ಸುತ್ತಿ ಸುಳಿದು ಹೋಗುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ನೋಡಿದರೆ ಬಿಳಿ ಕೋಣೆಯಲ್ಲಿ ಯಾರೋ ಕೆಂಪು ಗೆರೆ ಎಳೆದಂತೆ. ಹತ್ತಿರ ಹೋದರೆ ಚುಚ್ಚುವ ಮೊನೆ. ಹೊಲಿಗೆಯ ಬೇಸರ, ಬಸಿರು, ಗಾಯ ಎಲ್ಲ ನೆನಪಾಗುತ್ತವೆ. ಇದು ಶಿಲ್ಪವಲ್ಲ, ಗೆರೆಯನ್ನು ಹಾಳೆಯಿಂದ ಬಿಡಿಸಿ ಕೋಣೆಗೆ ತಂದ ಚಿತ್ರ ಎಂದೇ ನನ್ನ ಎಣಿಕೆ.

ಹೊಸ ಶತಮಾನದಲ್ಲಿ ಅವರ ಕಣ್ಣು ಬೆಂಗಳೂರಿನ ಬೀದಿಗೆ ಬಿತ್ತು. ‘ಡಾರ್ಕ್‌ರೂಮ್’ (2006) ಡಾಂಬರಿನ ಡ್ರಮ್ಮುಗಳಿಂದ ಕಟ್ಟಿದ ಕೋಣೆ. ಬಗ್ಗಿ ಒಳಹೊಕ್ಕು ತಲೆಯೆತ್ತಿದರೆ, ಚಾವಣಿಯ ಸಣ್ಣ ತೂತುಗಳಿಂದ ಬರುವ ಬೆಳಕು ಚುಕ್ಕೆಗಳ ಆಕಾಶವಾಗಿ ಕಾಣುತ್ತದೆ. ‘ಕಾಗೆಬಂಗಾರ’ದಲ್ಲಿ ಅವೇ ಡ್ರಮ್ಮುಗಳ ತಗಡು, ತಾಡಪಾಲು, ಅಭ್ರಕ. ರಸ್ತೆ ಕೆಲಸದವರು ಇಂಥ ತಗಡಿನಲ್ಲೇ ಗುಡಿಸಲು ಕಟ್ಟಿಕೊಳ್ಳುವುದನ್ನು ಶೀಲಾ ಕಂಡಿದ್ದರು. ದೇವದುರ್ಗ, ಸಿರವಾರದಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿಗೆ ಶೆಡ್ಡು, ತಾಡಪಾಲು ಎಂದರೆ ಮನೆ. ಹಾಗಾಗಿ ಈ ಕೃತಿಗಳು ನಮ್ಮ ಜಿಲ್ಲೆಗೆ ದೂರದವಲ್ಲ.

ಮನ್ನಣೆ ಬಂದದ್ದು ಹೊರಗಿನಿಂದ, ಅದೂ ಐವತ್ತರ ಆಸುಪಾಸಿನಲ್ಲಿ. 2007ರಲ್ಲಿ ಜರ್ಮನಿಯ ಕಾಸೆಲ್‌ನ 12ನೇ ಡಾಕ್ಯುಮೆಂಟಾ ಕಲಾಪ್ರದರ್ಶನ, 2009ರಲ್ಲಿ ವೆನಿಸ್ ಬಿಯೆನಾಲೆ ಕಲಾಪ್ರದರ್ಶನ. ವೆನಿಸ್ಸಿನಲ್ಲಿ ಇಟ್ಟದ್ದು ‘ಬಿಹೋಲ್ಡ್’: ಸುಮಾರು 4,000 ಮೀಟರ್ ಕೂದಲಿನ ಹಗ್ಗ, ಅದರಲ್ಲಿ ತೂಗುಬಿದ್ದ 20 ಕಾರು ಬಂಪರುಗಳು. ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುವ ಕರಿ ಕೂದಲ ಹಗ್ಗ ಅದು. ಕೂದಲು ದೇವಸ್ಥಾನಗಳಲ್ಲಿ ಮುಡಿ ಕೊಟ್ಟವರದು. ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. 2014ರಲ್ಲಿ ಹ್ಯೂಗೊ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದರು. 2019ರಲ್ಲಿ ಮಿಲಾನಿನಲ್ಲಿ ದೊಡ್ಡ ಏಕವ್ಯಕ್ತಿ ಪ್ರದರ್ಶನ ನಡೆಯಿತು, ಅದೇ ವರ್ಷ ಮರಿಯಾ ಲಾಸ್‌ನಿಗ್ ಪ್ರಶಸ್ತಿಯೂ ಸಂದಿತು. ಲಾಸ್‌ನಿಗ್ (1919–2014) ತನ್ನ ದೇಹದ ಅನುಭವವನ್ನೇ ಬಣ್ಣದಲ್ಲಿ ಬರೆದ ಆಸ್ಟ್ರಿಯದ ಚಿತ್ರಕಾರ್ತಿ. ಅವರಿಗೂ ಮನ್ನಣೆ ತಡವಾಗಿಯೇ ದಕ್ಕಿತ್ತು. ಸಗಣಿ, ದಾರ, ಕೂದಲು ಹಿಡಿದು ಕೆಲಸ ಮಾಡಿದವರಿಗೆ ಕೊನೆಗೂ ಒಬ್ಬ ಚಿತ್ರಕಾರ್ತಿಯ ಹೆಸರಿನ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ. ರಾಯಚೂರು, ಕಲಬುರಗಿಗಳಲ್ಲಿ ಚಿತ್ರಕಲೆ ಕಲಿಯುವ ಹುಡುಗಿಯರಿಗೆ ರವಿವರ್ಮನ ಜೊತೆಗೆ ಶೀಲಾ ಅವರನ್ನೂ ಪಾಠ ಮಾಡಬೇಕು, ಕೃತಿಗಳ ಚಿತ್ರಗಳನ್ನು ತೋರಿಸಿಯೇ ಮಾಡಬೇಕು.