ತೆಂಗಿನ ಗರಿ ಮತ್ತು ಪೂಜೆಯ ನುಡಿ

ಹೊನ್ನವಳ್ಳಿ ಸೀಮೆಯ ತೋಟಗಳಲ್ಲಿ ತೆಂಗಿನ ಗರಿಗೆ ಎಷ್ಟು ಉಪಯೋಗಗಳೆಂಬುದನ್ನು ನೀವು ಬಲ್ಲಿರಿ. ಚಪ್ಪರಕ್ಕೂ ಗರಿ, ಪೊರಕೆಗೂ ಗರಿ. ಅದೇ ಗರಿ ಕನ್ನಡ ನಾಡಿನ ಕಥೋಲಿಕರ ಕೈಯಲ್ಲಿ ಪೂಜೆಯ ವಸ್ತುವೂ ಹೌದು. ಯೇಸು ಜೆರುಸಲೇಮಿಗೆ ಬಂದಾಗ ಜನರು ಖರ್ಜೂರದ ಗರಿ ಹಿಡಿದು ಎದುರುಗೊಂಡರಷ್ಟೆ. ಆ ನೆನಪಿನ ‘ಗರಿಗಳ ಭಾನುವಾರ’ಕ್ಕೆ ನಮ್ಮಲ್ಲಿ ತೆಂಗು ಒದಗಿತು. ಆಶೀರ್ವದಿಸಿದ ಗರಿಯನ್ನು ಮನೆಯಲ್ಲಿಟ್ಟುಕೊಳ್ಳುವರು. ಮರುವರ್ಷ ಅದನ್ನು ಸುಟ್ಟ ಬೂದಿಯೇ ತಪಸ್ಸುಕಾಲದ ಮೊದಲ ದಿನವಾದ ‘ವಿಭೂತಿ ಬುಧವಾರ’ದಂದು ಹಣೆಗೇರುವುದು.

ವಿಭೂತಿ, ಬಲಿಪೂಜೆ, ಜಪಮಾಲೆ, ತೇರು: ಇವೆಲ್ಲ ನಮ್ಮವೇ ಆದ ಮಾತುಗಳು. ಅವರ ಧರ್ಮ ಕನ್ನಡವನ್ನು ಕಲಿತದ್ದು ಇಂದು ನಿನ್ನೆಯಲ್ಲ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡದ ವ್ಯಾಕರಣವನ್ನೂ ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ಬರೆದನು. ಆದರೂ ಆಮೇಲೆ ಮುನ್ನೂರು ವರ್ಷ ಪೀಠದ ಪೂಜೆ ಲ್ಯಾಟಿನ್ನಿನಲ್ಲಿಯೇ ಉಳಿಯಿತು. ಮನೆಯಲ್ಲಿ ಮಕ್ಕಳಿಗೆ ಕನ್ನಡದ ಜಪ ಕಲಿಸಿದ ತಾಯಿ, ದೇವಾಲಯದಲ್ಲಿ ಅರ್ಥವಾಗದ ಮಂತ್ರಕ್ಕೆ ಮೊಣಕಾಲೂರುತ್ತಿದ್ದಳು.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ನುಡಿಗೆ ಎಡೆಗೊಟ್ಟಿತು. ಆ ತಾಯಿಯ ಭಾಷೆ ಪೀಠವನ್ನೇರಿತು. ಆದರೆ ತಮಿಳು, ಕೊಂಕಣಿ, ಕನ್ನಡಗಳು ಕೂಡಿ ಬಾಳುವ ಬೆಂಗಳೂರಿನಲ್ಲಿ ಜನರ ನುಡಿ ಯಾವುದು? ಮುಂದೆ ಇದೇ ದೊಡ್ಡ ವಿವಾದವಾಯಿತು. ಬರಿಯ ಹಠವೆಂದು ಇದನ್ನು ತಳ್ಳಿಹಾಕಬೇಡಿ. ದೇವರೊಡನೆ ಮಾತನಾಡಲು ಮನೆಮಾತು ಬೇಕು. ನೆರೆಯವರೊಡನೆ ಬಾಳಲು ನಾಡನುಡಿ ಬೇಕು. ಇವೆರಡನ್ನೂ ಒಂದೇ ದೇವಾಲಯದಲ್ಲಿ ಹೊಂದಿಸುವುದು, ಖರ್ಜೂರದ ಬದಲು ತೆಂಗನ್ನು ಹಿಡಿದಷ್ಟು ಸುಲಭವಲ್ಲ.