ಅವತಾರ್‌ನ ರೂಪವೂ ತಂಡದ ನಡವಳಿಕೆಯೂ

ಗಣಕ ನಿರ್ಮಿತ ಮಿಥ್ಯಾಲೋಕದಲ್ಲಿ ಬಳಕೆದಾರನ ಪ್ರತಿನಿಧಿಯಾಗಿ ಓಡಾಡುವ ಆಕೃತಿಗೆ ಅವತಾರ್ ಎಂದು ಹೆಸರು. ಸಂಸ್ಕೃತದ 'ಅವತಾರ' ಪದವೇ ಇಂಗ್ಲಿಷಿಗೆ ಹೋಗಿ, ಹೊಸ ಅರ್ಥ ಹೊತ್ತು ಮರಳಿ ಬಂದಿದೆ. 1980ರ ದಶಕದಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ 'ಹ್ಯಾಬಿಟ್ಯಾಟ್' ಆಟದಲ್ಲಿ ಈ ಅರ್ಥದಲ್ಲಿ ಬಳಕೆಗೆ ಬಂದ ಪದವನ್ನು, ನೀಲ್ ಸ್ಟೀಫನ್‌ಸನ್ ಅವರ 1992ರ ಕಾದಂಬರಿ 'ಸ್ನೋ ಕ್ರ್ಯಾಶ್' ಜನಪ್ರಿಯಗೊಳಿಸಿತು. 2003ರಲ್ಲಿ 'ಸೆಕೆಂಡ್ ಲೈಫ್' ಆರಂಭವಾದ ಮೇಲೆ ಪಾಠ, ಸಭೆ, ಸಮಾಲೋಚನೆಗಳೂ ಅವತಾರ್‌ಗಳ ಮೂಲಕ ನಡೆಯತೊಡಗಿದವು.

ಅವತಾರ್‌ನ ರೂಪ ಕೇವಲ ಅಲಂಕಾರವಲ್ಲ. ಅದನ್ನು ಧರಿಸಿದವರ ವರ್ತನೆಯನ್ನೇ ಅದು ಬದಲಿಸಬಲ್ಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ 2007ರಲ್ಲಿ ಇದನ್ನು, ಬೇಕೆಂದಾಗ ರೂಪ ಬದಲಿಸುವ ಗ್ರೀಕ್ ಸಮುದ್ರದೇವತೆಯ ಹೆಸರಿನಲ್ಲಿ, 'ಪ್ರೋಟಿಯಸ್ ಪರಿಣಾಮ' ಎಂದು ಕರೆದರು. ಅವರ ಒಂದು ಪ್ರಯೋಗದಲ್ಲಿ ಇಬ್ಬರು ಹಣ ಹಂಚಿಕೊಳ್ಳುವ ಬಗ್ಗೆ ಚೌಕಾಸಿ ಮಾಡಬೇಕಿತ್ತು. ಎತ್ತರದ ಅವತಾರ್ ಪಡೆದವರು ತಮ್ಮ ಪಾಲಿಗೆ ಪಟ್ಟು ಹಿಡಿದರು. ಕುಳ್ಳ ಅವತಾರ್ ಪಡೆದವರು ಅನ್ಯಾಯದ ಹಂಚಿಕೆಗೆ ಒಪ್ಪಿದ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವಿಶೇಷವೆಂದರೆ, ಎದುರಿದ್ದವರಿಗೆ ಈ ಎತ್ತರದ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ. ಅಂದರೆ ಸೋಲಿಸಿದ್ದು ಎದುರಾಳಿಯ ದೃಷ್ಟಿಯಲ್ಲ, ತನ್ನ ಬಗ್ಗೆ ತಾನೇ ತಾಳಿದ ಭಾವನೆ. ಸಂಬಳ, ಕೆಲಸದ ಹಂಚಿಕೆಯಂತಹ ಮಾತುಕತೆ ಇಂಥ ವೇದಿಕೆಯಲ್ಲಿ ನಡೆಯುವುದಾದರೆ, ಆಕೃತಿಯ ಎತ್ತರ ನಿರ್ಧರಿಸುವವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ.

ಉಡುಪಿನ ಪ್ರಭಾವ ಇಡೀ ಗುಂಪಿಗೂ ತಟ್ಟುತ್ತದೆ. ಹೋರ್ಹೆ ಪೆನ್ಯಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ನಿಲುವಂಗಿಯ ಅವತಾರ್‌ಗಳೊಂದಿಗೆ ಚರ್ಚಿಸಿದ ಗುಂಪುಗಳಲ್ಲಿ ಬಿಳಿ ನಿಲುವಂಗಿಯ ಗುಂಪುಗಳಿಗಿಂತ ಆಕ್ರಮಣಶೀಲ ಧೋರಣೆ ಹೆಚ್ಚಿತ್ತು, ಒಗ್ಗಟ್ಟು ಕಡಿಮೆಯಿತ್ತು.

ಆಕೃತಿಯೇ ಇಲ್ಲದಿದ್ದರೆ? ಹ್ಯಾರಿಸನ್ ಸ್ಮಿತ್ ಮತ್ತು ಮೈಕಲ್ ನೆಫ್ 2018ರಲ್ಲಿ ಇಬ್ಬಿಬ್ಬರ ಜೋಡಿಗಳಿಗೆ ಒಟ್ಟಾಗಿ ಮಾಡುವ ಕೆಲಸ ಕೊಟ್ಟು ಪರೀಕ್ಷಿಸಿದರು. ಬಳಕೆದಾರನ ಚಲನವಲನವನ್ನು ಅನುಕರಿಸುವ ದೇಹವಿದ್ದಾಗ ಸಂಭಾಷಣೆ ಮುಖಾಮುಖಿ ಮಾತಿಗೆ ಹತ್ತಿರವಾಗಿತ್ತು. ದೇಹ ಕಾಣದಿದ್ದಾಗ ಒಂಟಿತನದ ಭಾವ ಮೂಡಿತು.

ಈ ಪ್ರಯೋಗಗಳು ಪ್ರಯೋಗಶಾಲೆಯ ಅಲ್ಪಾವಧಿಯವು. ವರ್ಷಗಟ್ಟಲೆ ಜೊತೆಗೆ ದುಡಿಯುವ ಕಚೇರಿ ತಂಡಕ್ಕೆ ಇವನ್ನು ಹಾಗೆಯೇ ಅನ್ವಯಿಸುವುದು ಆತುರವಾದೀತು. ಆದರೂ ಫ್ರಾನ್ಸ್‌ನಲ್ಲಿ ಜೆರೋಮ್ ಗೆಗಾನ್ ಮತ್ತು ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಆವಿಷ್ಕಾರಕರಂತೆ ಕಾಣುವ ಅವತಾರ್ ಪಡೆದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡಗಳು ಸಾಧಾರಣ ಅವತಾರ್‌ನ ತಂಡಗಳಿಗಿಂತ ಹೆಚ್ಚು ಹಾಗೂ ಹೊಸತನದ ವಿಚಾರಗಳನ್ನು ಮುಂದಿಟ್ಟವು. ಬಳಿಕ ಅವತಾರ್ ಕಳಚಿ ಮುಖಾಮುಖಿ ಕುಳಿತು ಚರ್ಚಿಸಿದಾಗಲೂ ಆ ತಂಡಗಳೇ ಮುಂದಿದ್ದವು.