ನಾರಿಹಳ್ಳದ ಜಾಡಿನಲ್ಲಿ: ಸಂಡೂರಿನ ಗಣಿ, ಕಣಿವೆಯ ಗದ್ದೆ

ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಳ್ಳಾರಿ ಜಿಲ್ಲೆಯ ಸಂಡೂರಿನ ಗಣಿತ್ಯಾಜ್ಯದ ಡಂಪಿನ ಬುಡದಲ್ಲಿ ನಿಂತು ನೋಡಬೇಕು. ಇಳಿಯುವ ನೀರು ಇಟ್ಟಿಗೆ ಪುಡಿ ಕದಡಿದಂತೆ ಕೆಂಪು. ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದ ಗೋಡೆ ಅದರ ಓಟ ತಡೆಯುತ್ತದೆ. ದಪ್ಪ ಮರಳು ಅಲ್ಲೇ ಕೂರುತ್ತದೆ, ಉಳಿದದ್ದರಲ್ಲಿ ಒಂದಿಷ್ಟು ಕೆಳಗಿನ ಹೊಂಡದಲ್ಲಿ. ಹಿಟ್ಟಿನಷ್ಟು ನುಣುಪಾದ ಅದಿರಿನ ಧೂಳು ತಳ ಸೇರಲು ಮಾತ್ರ ಗಂಟೆಗಟ್ಟಲೆ ಬೇಕು. ಹೋದ ವರ್ಷದ ಹೂಳು ಹೊಂಡದಲ್ಲೇ ಉಳಿದಿದ್ದರೆ ನೀರು ಅಷ್ಟು ಹೊತ್ತು ನಿಲ್ಲುವುದಿಲ್ಲ. ಕೆಂಪಾಗಿಯೇ ಹಳ್ಳಕ್ಕೆ ಬೀಳುತ್ತದೆ, ಹಳ್ಳ ನಾರಿಹಳ್ಳಕ್ಕೆ, ನಾರಿಹಳ್ಳ ದರೋಜಿ ಕೆರೆಗೆ. ಗಣಿ ಪುನಶ್ಚೇತನದ ಪರಿಶೀಲನೆ ನಮ್ಮಲ್ಲಿ ಎಷ್ಟು ಬೆಳೆದಿದೆ ಎಂಬುದನ್ನು ಈ ನೀರಿನ ಹಿಂದೆ ನಡೆದೇ ಅಳೆಯಬೇಕು.

ಬೆಟ್ಟದ ಕೆಳಗಿನ ತುಂಗಭದ್ರಾ ಕಣಿವೆಯ ಬೇಸಾಯ ಗಣಿಗಿಂತ ಬಹಳ ಹಳೆಯದು. ತುರ್ತು, ಬಸವ, ರಾಯ ಮೊದಲಾದ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರು ಹರಿಸುತ್ತಿವೆ. ಹಂಪಿಯ ಪಾಳುಗೋಡೆಗಳ ಪಕ್ಕದ ಬಾಳೆತೋಟಕ್ಕೆ ತುರ್ತು ಕಾಲುವೆಯೇ ಆಸರೆ. ಹೊಸಪೇಟೆಯ ಕಬ್ಬು, ಕಂಪ್ಲಿಯ ಭತ್ತ ಎಲ್ಲವೂ ತುಂಗಭದ್ರೆಯ ಋಣ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಕಲ್ಲಿಗೆ ಸಿಕ್ಕ ಕಾವಲು ಅದೇ ನೀರಿನಲ್ಲಿ ಬೆಳೆಯುವ ಪೈರಿಗೂ ಸಿಗಬೇಕಿತ್ತು.

ಗಣಿಯ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲೇ ಈ ಬೆಟ್ಟಗಳ ಅದಿರನ್ನು ದಾಖಲಿಸಿದ್ದ. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1970ರ ದಶಕದಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರಿ ಕಂಪನಿ ಎನ್‌ಎಂಡಿಸಿ ಕೆಲಸ ಶುರುಮಾಡಿತು. ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿದ ಕೇಂದ್ರದ ಅಧಿಸೂಚನೆ ಬಂದದ್ದು 1994ರಲ್ಲಿ. 2006ರಲ್ಲಿ ಅದು ಹೊಸ ರೂಪ ಪಡೆಯಿತು. ಆದರೆ ಪರಿಶೀಲನೆ ನಡೆದದ್ದು ಲೀಸು ಲೀಸಿಗೆ ಬೇರೆ ಬೇರೆ. ಒಂದೇ ಬೆಟ್ಟಸಾಲಿನ ಹತ್ತಾರು ಗಣಿಗಳಿಗೆ ಹತ್ತಾರು ವರದಿ. ಒಂದೊಂದರಲ್ಲೂ ಹಾನಿ ಅಲ್ಪವಾಗಿಯೇ ಕಾಣುತ್ತದೆ. ಅವೆಲ್ಲವನ್ನೂ ಕೂಡಿ ಲೆಕ್ಕ ಹಾಕುವವರು ಇರಲಿಲ್ಲ. ಚೀನಾದ ಬೇಡಿಕೆ ಏರಿ ಟಿಪ್ಪರ್‌ಗಳ ಸಾಲು ಹಗಲಿರುಳು ಹರಿದ ಕಾಲದಲ್ಲಿ ರಸ್ತೆ ಬದಿಯ ಹೊಲದ ಜೋಳದ ಗರಿ ಮುಟ್ಟಿದರೆ ಬೆರಳು ಕೆಂಪಾಗುತ್ತಿತ್ತು. ಇಬ್ಬನಿಗೆ ನೆಂದ ಧೂಳು ಗರಿಯ ಮೇಲೆ ಲೇಪವಾಗಿ ಒಣಗಿಬಿಟ್ಟರೆ ಪೈರು ಉಸಿರಾಡುವುದಾದರೂ ಹೇಗೆ?

ಇದಕ್ಕೂ ಮೊದಲೇ ಮಲೆನಾಡು ಎಚ್ಚರಿಸಿತ್ತು. ಕುದುರೆಮುಖದ ಗಣಿಯ ಹೂಳು ಭದ್ರೆಗೆ ಇಳಿಯುತ್ತಿದೆ ಎಂಬ ಹೋರಾಟ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿನ ಗಣಿ ನಿಂತಿತು. ಆ ಭದ್ರೆಯೇ ತುಂಗೆಯೊಡನೆ ಕೂಡಿ ಹೊಸಪೇಟೆಗೆ ಬರುವುದು. ಅಲ್ಲಿ ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ಇದಕ್ಕೆಲ್ಲ ಸಂಡೂರನ್ನೇ ದೂರಿದರೆ ತಪ್ಪಾಗುತ್ತದೆ: ಹೂಳು ಮೇಲ್ದಂಡೆಯ ಇಡೀ ಜಲಾನಯನದ್ದು, ನಾರಿಹಳ್ಳದ ಹಾದಿಯೇ ಬೇರೆ. ಯಾವ ಮಣ್ಣು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳುವುದೇ ಪರಿಶೀಲನೆಯ ಮೊದಲ ಕೆಲಸ.

ದೊಡ್ಡ ತಿರುವು 2011. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಹೊರಬಿದ್ದದ್ದೂ ಅದೇ ವಾರ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ ಇಡೀ ಜಿಲ್ಲೆಯನ್ನು ಒಂದೇ ಘಟಕವೆಂದು ಹಿಡಿದು ಅಧ್ಯಯನ ನಡೆಸಿತು. ನನ್ನ ಮಟ್ಟಿಗೆ ಆ ವರ್ಷದ ನಿಜವಾದ ಗಳಿಕೆ ಇದೇ. ಬೆಟ್ಟ ತಾಳಿಕೊಳ್ಳುವಷ್ಟೇ ಅಗೆಯಬೇಕು ಎಂಬ ಮಾತಿಗೆ ಅಂಕಿ ಸಿಕ್ಕಿತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್. 2013ರ ಏಪ್ರಿಲ್ 18ರ ತೀರ್ಪು ಗಣಿಗಳ ಎ, ಬಿ, ಸಿ ಎಂಬ ವಿಂಗಡಣೆಯನ್ನು ಒಪ್ಪಿ, ಗಡಿ ಮೀರಿ ಅಗೆದ ‘ಸಿ’ ಗುಂಪಿನ ಲೀಸುಗಳನ್ನು ರದ್ದುಮಾಡಿತು. ಉಳಿದವು ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಜಾರಿಗೊಳಿಸಬೇಕಾಯಿತು. ಮೊದಲು ಹೇಳಿದ ಗೋಡೆ, ಹೊಂಡಗಳೆಲ್ಲ ಇಂಥ ಯೋಜನೆಯ ಕೆಲಸಗಳೇ.

ವರ್ಷದ ಅಗೆತದ ಆ ಮಿತಿ ಈಚೆಗೆ ಸಡಿಲವಾಗುತ್ತ ಬಂದಿದೆ. 2022ರಲ್ಲಿ ಬಳ್ಳಾರಿಗೆ 3.5 ಕೋಟಿ ಟನ್. ಅದೇ ವರ್ಷ ಗಣಿಬಾಧಿತ ಪ್ರದೇಶದ ಸಮಗ್ರ ಪರಿಸರ ಯೋಜನೆಯ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿ ನೇಮಕಗೊಂಡರು. ಅದಿರಿನ ಮಾರಾಟದ ಹಣದಲ್ಲಿ ಒಂದು ಪಾಲು ಆ ಯೋಜನೆಗೆಂದೇ ಕೂಡಿದೆ, ಮೊತ್ತ ಸಾವಿರಾರು ಕೋಟಿ. 2024ರಲ್ಲಿ ಸಂಡೂರಿನ ದೇವದಾರಿ ಕಾಡಿನಲ್ಲಿ ಹೊಸ ಗಣಿಯ ಮಾತು ಬಂದಾಗ ರಾಜ್ಯದ ಅರಣ್ಯ ಸಚಿವರು ಜಮೀನು ಹಸ್ತಾಂತರ ತಡೆದರು. ಗಣಿ ಕೇಳಿದ್ದು ಕುದುರೆಮುಖದಲ್ಲಿ ಗಣಿ ನಡೆಸುತ್ತಿದ್ದ ಕಂಪನಿಯೇ.

ಹಣವಿದೆ, ಆದೇಶವಿದೆ. ಆದರೂ ಪರಿಶೀಲನೆಯ ಕಣ್ಣು ಲೀಸಿನ ಗಡಿಕಲ್ಲಿನ ಹತ್ತಿರವೇ ನಿಲ್ಲುತ್ತದೆ. ಎಷ್ಟು ಸಸಿ ನೆಟ್ಟರು, ಎಷ್ಟು ಮೀಟರ್ ಗೋಡೆ ಕಟ್ಟಿದರು ಎಂದು ಎಣಿಸುವುದು ಸುಲಭ. ಬೇಕಾದದ್ದು ಬೇರೆ: ನಾರಿಹಳ್ಳದಲ್ಲಿ ಮೇಲೆ, ನಡುವೆ, ಕೆಳಗೆ ತುಂಬಿಕೊಂಡ ನೀರಿನ ಬಾಟಲಿಗಳು, ದರೋಜಿ ಕೆರೆಯ ಹೂಳಿನ ಅಳತೆ, ತೂಬಿನ ಕೆಳಗಿನ ಗದ್ದೆಗಳ ಮಣ್ಣಿನ ಪರೀಕ್ಷೆ. ಅದೂ ಹಳ್ಳ ಒಣಗಿರುವ ಏಪ್ರಿಲ್‌ನಲ್ಲಲ್ಲ. ನೀರು ಕೆಂಪಾಗಿ ಹರಿಯುವ ದಿನ, ಆ ಗದ್ದೆಯ ರೈತರ ಎದುರಿಗೆ.